ಪದವಿಚಾರ: ‘ಕೋಮಣ’ ಅಸಭ್ಯ ಪದವೇ?

ಪ್ರಶ್ನೆ: ಮಾನ್ಯರೇ, ಅಡಿಕೆ ತೋಟದ ಹಳೆಯ ಕಾಲದ ಕೆಲಸವನ್ನು ಕುರಿತು ನನ್ನ ಪುಳ್ಳಿ (ಮೊಮ್ಮಗ) ಶಾಲೆಯಲ್ಲಿ ಒಂದು ಪ್ರಬಂಧ ಬರೆದಿದ್ದ. ಅದರಲ್ಲಿ ‘ಕೋಮಣ ಕಟ್ಟಿ, ಮುಟ್ಟಾಳೆ ಇಟ್ಟು ಮರ ಹತ್ತುತ್ತಿದ್ದರು’ ಎಂಬ ವಾಕ್ಯವಿತ್ತು (ಮುಟ್ಟಾಳೆ ಎಂದರೆ ಅಡಿಕೆ ಹಾಳೆಯ ಟೊಪ್ಪಿ). ಕೋಮಣ ಎಂಬ ಮಾತಿಗೆ ಕೆಂಪು ಗೆರೆ ಎಳೆದು, ‘ಅಸಭ್ಯ ಪದ, ಕನ್ನಡವೂ ಅಲ್ಲ’ ಎಂದು ಅಂಚಿನಲ್ಲಿ ಬರೆದು ಕೊಟ್ಟಿದ್ದಾರೆ. ನೆರೆಕರೆಯವರನ್ನು ಕೇಳಿದರೆ ಕೆಲವರು ಅದು ಮಲಯಾಳದ ‘ಕೋಣಕ’ದಿಂದ ಬಂದದ್ದು ಎನ್ನುತ್ತಾರೆ, ಕೆಲವರು ತುಳು ಎನ್ನುತ್ತಾರೆ. ನಿಜ ಯಾವುದು? ಮಗು ಆ ಮಾತನ್ನು ಬರೆದದ್ದು ತಪ್ಪೇ?
— ಬದಿಯಡ್ಕದ ಓದುಗರೊಬ್ಬರು

ಉತ್ತರ: ಮಗು ಬರೆದದ್ದು ತಪ್ಪಲ್ಲ. ಕೋಮಣ ಕನ್ನಡದ್ದೇ ಮಾತು. ಅದು ಸಂಸ್ಕೃತದ ‘ಕೌಪೀನ’ದಿಂದ ಹುಟ್ಟಿದ ತದ್ಭವ. ತುಳುವರೂ ಅದನ್ನು ಆಡುತ್ತಾರೆ ಮತ್ತು ಮಲಯಾಳದ ಕೋಣಕವೂ ತಮಿಳಿನ ಕೋವಣವೂ ಇದೇ ಕುಟುಂಬಕ್ಕೆ ಸೇರಿದವು ಎಂಬುದರಿಂದ ಅದು ಕನ್ನಡವಲ್ಲ ಎಂದಾಗುವುದಿಲ್ಲ. ಕಾಸರಗೋಡಿನಂಥ ಹಲವು ಭಾಷೆಗಳ ನಾಡಿನಲ್ಲಿ ಒಂದು ಮಾತು ನಾಲ್ಕು ಮನೆಗಳಲ್ಲಿ ನಾಲ್ಕು ರೂಪದಲ್ಲಿ ಇರುವುದು ಸಹಜ, ಮತ್ತು ಅದು ಯಾರ ಮಾತು ಎಂಬ ಜಗಳಕ್ಕಿಂತ ಅದು ಹೇಗೆ ಬಂತು ಎಂಬ ವಿಚಾರ ಹೆಚ್ಚು ಫಲ ಕೊಡುತ್ತದೆ.

ಮೊದಲು ವಸ್ತುವನ್ನೇ ನೋಡೋಣ, ಏಕೆಂದರೆ ಈಗಿನ ಮಕ್ಕಳಲ್ಲಿ ಹೆಚ್ಚಿನವರು ಅದನ್ನು ಕಂಡಿಲ್ಲ. ಹಳೆಯ ಮುಂಡಿನಿಂದ ಹರಿದ, ಸುಮಾರು ಒಂದು ಗೇಣು ಅಗಲದ, ಎರಡು ಮೊಳದಷ್ಟು ಉದ್ದದ ಬಟ್ಟೆಯ ಪಟ್ಟಿ ಅದು. ಅದಕ್ಕೆ ಹೊಲಿಗೆಯಿಲ್ಲ, ಗುಂಡಿಯಿಲ್ಲ, ಲಾಡಿಯಿಲ್ಲ. ಅದನ್ನು ಹಿಡಿದು ನಿಲ್ಲಿಸುವುದು ಸೊಂಟದ ಉಡಿದಾರ. ಪಟ್ಟಿಯ ಒಂದು ತುದಿಯನ್ನು ಹೊಟ್ಟೆಯ ಬಳಿ ಉಡಿದಾರದ ಒಳಗಿಂದ ತೂರಿಸಿ, ಉಳಿದದ್ದನ್ನು ಕಾಲುಗಳ ನಡುವಿನಿಂದ ಹಿಂದಕ್ಕೆ ಒಯ್ದು, ಬಿಗಿಯಾಗಿ ಎಳೆದು, ಬೆನ್ನ ಕೆಳಗೆ ಮತ್ತೆ ಅದೇ ದಾರಕ್ಕೆ ಸಿಕ್ಕಿಸುತ್ತಾರೆ. ಕಾಲಿಗೆ ತಳೆ, ಅಂದರೆ ಮರ ಏರಲು ಪಾದಗಳಿಗೆ ತೊಡಿಸುವ ಬಳ್ಳಿಯ ಕುಣಿಕೆ, ಹಾಕಿ ಅಡಿಕೆ ಮರವನ್ನು ತಬ್ಬಿ ಏರುವವನಿಗೆ ಮೊಣಕಾಲಿನವರೆಗೆ ಇಳಿಯುವ ಯಾವ ಬಟ್ಟೆಯೂ ತೊಡಕೇ. ಕೆಸರಿನ ಗದ್ದೆಯಲ್ಲಿ ಉಳುವವನಿಗೂ ಹಾಗೆಯೇ. ಕೆರೆಯಲ್ಲಿ ಒಮ್ಮೆ ಮುಳುಗಿ ಎದ್ದರೆ ಮೈಯೊಂದಿಗೆ ಅದೂ ಶುಚಿಯಾಗುತ್ತಿತ್ತು, ಮಳೆಗಾಲದಲ್ಲಿಯೂ ಬೇಗ ಒಣಗುತ್ತಿತ್ತು. ಈ ನೆಲದ ದುಡಿಮೆಗೆ ಇಷ್ಟು ಒಗ್ಗಿದ ಇನ್ನೊಂದು ಉಡುಪು ಇರಲಿಲ್ಲ ಎಂದರೆ ಅದು ಅತಿಶಯವಲ್ಲ.

ಇನ್ನು ಪದದ ವಿಚಾರ. ಕೌಪೀನ ಪ್ರಾಕೃತದ ಬಾಯಲ್ಲಿ ಸವೆದಾಗ ಔಕಾರ ಓಕಾರವಾಗುವುದು, ಪದದ ನಡುವಿನ ಪಕಾರ ವಕಾರವಾಗುವುದು, ನಕಾರ ಣಕಾರವಾಗುವುದು ನಿಯಮಕ್ಕೆ ಒಳಪಟ್ಟ ಬದಲಾವಣೆಗಳು. ದೀಪಿಕೆ ದೀವಿಗೆಯಾದದ್ದನ್ನು ಬಲ್ಲವರಿಗೆ ಪ ವ ಆದದ್ದು ವಿಶೇಷವೆನಿಸಲಾರದು. ಹೀಗೆ ‘ಕೋವಣ’ ಎಂಬ ರೂಪ ಬಂತು. ಹಳೆಯ ಕನ್ನಡದಲ್ಲಿಯೂ ತಮಿಳಿನಲ್ಲಿಯೂ ಇರುವುದು ಈ ರೂಪವೇ. ಕೋವಣ ಕೋಮಣವಾದದ್ದು ಕೊನೆಯ ಹೆಜ್ಜೆ: ಮೂಗಿನಿಂದ ನುಡಿಯುವ ಣಕಾರ ಪಕ್ಕದಲ್ಲಿರುವಾಗ ವಕಾರವೂ ಮಕಾರವೂ ಒಂದರ ಸ್ಥಾನದಲ್ಲಿ ಇನ್ನೊಂದು ಬರುವುದು ನಮ್ಮ ಭಾಷೆಗಳಲ್ಲಿ ಹಿಂದಿನಿಂದ ಇದೆ. ಶ್ರಮಣ ಎಂಬುದು ಕನ್ನಡದಲ್ಲಿ ಸವಣವಾಯಿತು, ಪ್ರಮಾಣ ಎಂಬುದು ಪವಣ್ ಆಯಿತು. ಅಲ್ಲಿ ಮ ಹೋಗಿ ವ ಬಂತು, ಇಲ್ಲಿ ವ ಹೋಗಿ ಮ ಬಂದಿದೆ. ಆದ್ದರಿಂದ ಕೋಮಣವನ್ನು ಮಲಯಾಳದ ಕೋಣಕದಿಂದ ಬಂದದ್ದೆಂದು ಹೇಳುವ ಅಗತ್ಯವೇ ಇಲ್ಲ. ಅವೆರಡೂ ಒಂದೇ ಅಜ್ಜನ ಮೊಮ್ಮಕ್ಕಳು.

ಆದರೆ ನಿಮ್ಮ ಪ್ರಶ್ನೆಯ ತಿರುಳು ಇರುವುದು ‘ಅಸಭ್ಯ’ ಎಂಬ ಆರೋಪದಲ್ಲಿ. ಅದಕ್ಕೆ ಉತ್ತರ ಸಿಗಬೇಕಾದರೆ ಕೌಪೀನದ ಹುಟ್ಟಿಗೇ ಹೋಗಬೇಕು. ಪಾಣಿನಿಯ ಅಷ್ಟಾಧ್ಯಾಯಿಯ ಐದನೆಯ ಅಧ್ಯಾಯದ ಎರಡನೆಯ ಪಾದದಲ್ಲಿ ‘ಶಾಲೀನಕೌಪೀನೇ ಅಧೃಷ್ಟಾಕಾರ್ಯಯೋಃ’ ಎಂಬ ಸೂತ್ರವಿದೆ. ಶಾಲೀನ ಎಂಬ ಪದ ಧಾರ್ಷ್ಟ್ಯವಿಲ್ಲದವನು ಎಂಬ ಅರ್ಥದಲ್ಲಿಯೂ, ಕೌಪೀನ ಎಂಬ ಪದ ಮಾಡಬಾರದ ಕೆಲಸ ಎಂಬ ಅರ್ಥದಲ್ಲಿಯೂ ಸಿದ್ಧವಾಗುತ್ತವೆ ಎಂಬುದು ಅದರ ತಾತ್ಪರ್ಯ. ಶಾಲೆ ಎಂದರೆ ಮನೆ; ಮನೆಯೊಳಗೆ ಸೇರಿಕೊಳ್ಳಲು ತಕ್ಕವನು, ಅಂದರೆ ನಾಚುವವನು, ಶಾಲೀನ. ಕೂಪ ಎಂದರೆ ಬಾವಿ. ಬಾವಿಗೆ ಇಳಿಸಲು ತಕ್ಕದ್ದು, ಯಾರ ಕಣ್ಣಿಗೂ ಬೀಳದಂತೆ ಅಡಗಿಸಬೇಕಾದದ್ದು, ಕೌಪೀನ. ಪಾಪಕೃತ್ಯ ಎಂದೇ ವ್ಯಾಖ್ಯಾನಕಾರರು ಅದನ್ನು ವಿವರಿಸುತ್ತಾರೆ. ನಾವು ಇಂದಿಗೂ ಸಭ್ಯತೆಗೆ ಬಳಸುವ ಶಾಲೀನತೆ ಎಂಬ ಮಾತೂ, ಇಂದು ಅಸಭ್ಯವೆನಿಸಿಕೊಂಡಿರುವ ಕೋಮಣದ ಮೂಲವೂ ಒಂದೇ ಸೂತ್ರದಲ್ಲಿ ಅಕ್ಕಪಕ್ಕದಲ್ಲಿ ನಿಂತಿವೆ ಎಂಬುದನ್ನು ಓದಿದಾಗ ನನಗೆ ಆದ ಸಂತೋಷವನ್ನು ಓದುಗರೊಂದಿಗೆ ಹಂಚಿಕೊಳ್ಳದೆ ಇರಲಾರೆ.

ಪಾಣಿನಿಯ ಆ ಸೂತ್ರದಲ್ಲಿ ಬಟ್ಟೆಯ ಸುಳಿವೇ ಇಲ್ಲ ಎಂಬುದನ್ನು ಗಮನಿಸಿ. ಅಡಗಿಸಬೇಕಾದ ಕೃತ್ಯ ಎಂಬ ಅರ್ಥ ಮುಂದೆ ಅಡಗಿಸಬೇಕಾದ ಅಂಗಕ್ಕೆ ಹಬ್ಬಿತು. ಅಮರಕೋಶದ ನಾನಾರ್ಥವರ್ಗದಲ್ಲಿ ಕೌಪೀನಕ್ಕೆ ಕೊಟ್ಟಿರುವ ಅರ್ಥಗಳು ಎರಡು: ಅಕಾರ್ಯ ಮತ್ತು ಗುಹ್ಯ. ಭಾಗವತದಲ್ಲಿ ಸಂನ್ಯಾಸಿಯ ಧರ್ಮವನ್ನು ಹೇಳುವಾಗ, ಅವನು ಬಟ್ಟೆ ತೊಡುವುದಾದರೆ ಅದು ‘ಕೌಪೀನಾಚ್ಛಾದನ’ವಾಗಿದ್ದರೆ ಸಾಕು ಎಂಬ ಮಾತು ಬರುತ್ತದೆ. ಕೌಪೀನವನ್ನು ಮುಚ್ಚುವ ಬಟ್ಟೆ ಎಂದರೆ ಅಲ್ಲಿ ಕೌಪೀನ ಇನ್ನೂ ಅಂಗವೇ. ಬಟ್ಟೆಯ ಹೆಸರು ಆಚ್ಛಾದನ. ಬಳಕೆಯಲ್ಲಿ ಆ ಉದ್ದದ ಸಮಾಸದ ಉತ್ತರಪದ ಬಿದ್ದುಹೋಗಿ, ಮುಚ್ಚಲ್ಪಟ್ಟದ್ದರ ಹೆಸರು ಮುಚ್ಚಿದ್ದಕ್ಕೆ ಬಂತು. ಹೀಗೆ ಪಾಪದಿಂದ ಅಂಗಕ್ಕೆ, ಅಂಗದಿಂದ ಅರಿವೆಗೆ ಆ ಪದ ಸರಿಯಿತು.

ಅರಿವೆಯ ಹೆಸರಾದ ಮೇಲೆ ಅದಕ್ಕೆ ಬಂದ ಗೌರವ ಸಣ್ಣದಲ್ಲ. ಶಂಕರಾಚಾರ್ಯರದೆಂದು ಪರಂಪರೆ ನಂಬುವ ಐದು ಶ್ಲೋಕಗಳ ಸ್ತೋತ್ರದ ಪಲ್ಲವಿಯೇ ‘ಕೌಪೀನವಂತಃ ಖಲು ಭಾಗ್ಯವಂತಃ’ ಎಂಬುದು. ಬಾವಿಗೆ ತಳ್ಳಬೇಕಾದದ್ದು ಎಂಬ ಅರ್ಥದಲ್ಲಿ ಹುಟ್ಟಿದ ಮಾತು ಭಾಗ್ಯದ ಗುರುತಾಗಿ ಹಾಡಿಗೆ ಏರಿತು. ತಮಿಳಿನ ಶಿವಸ್ತುತಿಗಳ ಸಂಗ್ರಹವಾದ ತೇವಾರದ ಕವಿಗಳು ಶಿವನನ್ನು ಕೋವಣ ಉಟ್ಟವನೆಂದು ಭಕ್ತಿಯಿಂದ ಕರೆಯುತ್ತಾರೆ. ಹನ್ನೆರಡನೆಯ ಶತಮಾನದಲ್ಲಿ ಸೇಕ್ಕಿಳಾರ್ ಬರೆದ ಪೆರಿಯ ಪುರಾಣದಲ್ಲಿ ಅಮರನೀತಿ ನಾಯನಾರರ ಕಥೆ ಇದೆ. ಶಿವಭಕ್ತರಿಗೆ ಬಟ್ಟೆಯನ್ನೂ ಕೋವಣವನ್ನೂ ದಾನ ಮಾಡುತ್ತಿದ್ದ ಆ ವರ್ತಕನ ಬಳಿಗೆ ಶಿವನು ಬ್ರಹ್ಮಚಾರಿಯ ವೇಷದಲ್ಲಿ ಬಂದು, ಸ್ನಾನ ಮುಗಿಸಿ ಬರುವವರೆಗೆ ಕಾಪಾಡಿ ಕೊಡು ಎಂದು ಒಂದು ಕೋವಣವನ್ನು ಒಪ್ಪಿಸುತ್ತಾನೆ. ಅದು ಕಾಣೆಯಾಗುತ್ತದೆ. ಅದರ ಜೋಡಿಯಷ್ಟು ತೂಕದ ಬಟ್ಟೆ ಕೊಟ್ಟರೆ ಸಾಕು ಎಂದು ಬ್ರಹ್ಮಚಾರಿ ತಕ್ಕಡಿ ತರಿಸುತ್ತಾನೆ. ವರ್ತಕನ ಅಂಗಡಿಯ ಬಟ್ಟೆಯೆಲ್ಲ, ಬೆಳ್ಳಿಬಂಗಾರವೆಲ್ಲ ಒಂದು ತಟ್ಟೆಗೆ ಬಿದ್ದರೂ ಕೋವಣದ ತಟ್ಟೆ ಮೇಲೇಳುವುದಿಲ್ಲ. ಕೊನೆಗೆ ಅವನು ಹೆಂಡತಿ ಮತ್ತು ಮಗನೊಂದಿಗೆ ತಾನೇ ತಕ್ಕಡಿ ಏರಿದಾಗ ತೂಕ ಸಮವಾಗುತ್ತದೆ. ಈ ಕಥೆಯನ್ನು ಕೇಳಿ ಬೆಳೆದ ಜನ ಆ ಮಾತನ್ನು ಅಸಭ್ಯವೆಂದು ಎಣಿಸಿರಲು ಸಾಧ್ಯವೇ ಇಲ್ಲ.

ನಮ್ಮ ಜಿಲ್ಲೆಯಲ್ಲಿಯೇ ಹೊಸದುರ್ಗದ, ಅಂದರೆ ಕಾಞಂಗಾಡಿನ, ನಿತ್ಯಾನಂದಾಶ್ರಮಕ್ಕೆ ಹೋದವರು ಸ್ವಾಮಿ ನಿತ್ಯಾನಂದರ ಚಿತ್ರವನ್ನು ನೋಡಿಯೇ ಇರುತ್ತಾರೆ. ಮುಂದೆ ಗಣೇಶಪುರಿಯಲ್ಲಿ ನೆಲೆಸಿ 1961ರಲ್ಲಿ ಸಮಾಧಿಯಾದ ಆ ಮಹನೀಯರ ಮೈಮೇಲೆ ಇರುತ್ತಿದ್ದದ್ದು ಒಂದು ಕೌಪೀನ ಮಾತ್ರ. ಭಕ್ತರು ‘ಕೌಪೀನಧಾರಿ’ ಎಂದು ಬರೆಯುವಾಗ ಯಾರೂ ಕೆಂಪು ಗೆರೆ ಎಳೆಯುವುದಿಲ್ಲ. ಉಪನಯನದ ಚಪ್ಪರದಲ್ಲಿ ವಟುವಿಗೆ ಮೌಂಜಿಯನ್ನೂ ದಂಡವನ್ನೂ ಕೊಡುವಾಗ ಪುರೋಹಿತರು ಕೌಪೀನ ಎನ್ನುತ್ತಾರೆ. ಅದೇ ಬಟ್ಟೆಯನ್ನು ಒಗೆದು ಮಡಚಿ ಇಟ್ಟ ಅಜ್ಜಿ ಒಳಗಿನ ಕೋಣೆಯಿಂದ ‘ಮಾಣಿಯ ಕೋಮಣ ಇಲ್ಲಿದ್ದು’ ಎನ್ನುತ್ತಾರೆ. ಬಟ್ಟೆ ಒಂದೇ, ಮಾತಿನ ಮೂಲವೂ ಒಂದೇ. ಒಂದಕ್ಕೆ ಗೌರವ, ಇನ್ನೊಂದಕ್ಕೆ ಸಂಕೋಚ ಏಕೆ ಬಂತು ಎಂಬುದೇ ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ.

ನನಗೆ ತೋರುವ ಕಾರಣ ಇದು. ತತ್ಸಮ ರೂಪ ಮಠಕ್ಕೂ ಮಂತ್ರಕ್ಕೂ ಅಂಟಿಕೊಂಡಿತು. ತದ್ಭವ ರೂಪ ತೋಟಕ್ಕೂ ಗದ್ದೆಗೂ ಅಂಟಿಕೊಂಡಿತು. ಉಳ್ಳವರು ಮುಂಡು, ಅಂಗಿ, ಚಡ್ಡಿಗಳಿಗೆ ಹೊರಳಿದ ಮೇಲೆಯೂ ಬಿಸಿಲಿನಲ್ಲಿ ದುಡಿಯುವವರು ಬಹಳ ಕಾಲ ಕೋಮಣದಲ್ಲಿಯೇ ಉಳಿದರು. ಆಗ ಆ ಮಾತು ಉಡುಪಿನ ಹೆಸರಾಗಿದ್ದುದು ಬಡತನದ ಹೆಸರಾಯಿತು. ‘ಕೋಮಣಕ್ಕೂ ಗತಿಯಿಲ್ಲ’ ಎಂಬ ಮಾತು ಹುಟ್ಟುವುದು ಆಗಲೇ. ಬಡತನದ ಹೆಸರಾದದ್ದು ಬೈಗುಳವಾಗಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಹೀಗಾಗಿ ಇಲ್ಲಿ ಅಸಭ್ಯತೆ ಇರುವುದು ಪದದಲ್ಲಿ ಅಲ್ಲ, ಆ ಉಡುಪಿನಲ್ಲಿ ದುಡಿದವರನ್ನು ಕೀಳಾಗಿ ಕಂಡ ಕಣ್ಣಿನಲ್ಲಿ. ಆ ದುಡಿಮೆಯನ್ನು ಗೌರವದಿಂದ ವರ್ಣಿಸಲು ಹೊರಟ ಮಗುವಿನ ವಾಕ್ಯದಿಂದ ಅದೇ ಪದವನ್ನು ತೆಗೆದುಹಾಕಿದರೆ ಉಳಿಯುವುದು ಏನು?

ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಮುದ್ರಿಸಿದ ಮೂರು ದೊಡ್ಡ ನಿಘಂಟುಗಳು ನಮ್ಮ ಈ ಪ್ರದೇಶದ ಮೂರು ಭಾಷೆಗಳವು: ಗುಂಡರ್ಟರ ಮಲಯಾಳ ನಿಘಂಟು 1872ರಲ್ಲಿ, ಮೆನ್ನರರ ತುಳು ನಿಘಂಟು 1886ರಲ್ಲಿ, ಕಿಟ್ಟೆಲರ ಕನ್ನಡ ನಿಘಂಟು 1894ರಲ್ಲಿ ಬಂದವು. ಧರ್ಮಪ್ರಚಾರಕ್ಕೆಂದು ಬಂದ ಆ ಪಾದ್ರಿಗಳೇ ಉಡುಪು, ಅಡುಗೆ, ದೇಹ ಮೊದಲಾದವುಗಳ ಮಾತುಗಳನ್ನು ಸಂಕೋಚಪಡದೆ ಸೇರಿಸಿಕೊಂಡರು. ನಿಮ್ಮ ಪುಳ್ಳಿಗೆ ಆ ಮೂರನ್ನೂ ಎದುರಿಗಿಟ್ಟುಕೊಂಡು ಒಂದೇ ಮಾತಿನ ರೂಪಗಳನ್ನು ಹುಡುಕುವ ಅಭ್ಯಾಸ ಮಾಡಿಸಿ. ಗಡಿನಾಡಿನಲ್ಲಿ ಹುಟ್ಟಿದ ಮಗುವಿಗೆ ಅದಕ್ಕಿಂತ ಒಳ್ಳೆಯ ಭಾಷಾಪಾಠವಿಲ್ಲ. ಶಾಲೆಗೆ ಹೋದಾಗ ಜಗಳ ಬೇಡ. ಕೌಪೀನ ಬರೆದಿದ್ದರೆ ತಿದ್ದುತ್ತಿದ್ದಿರೇ ಎಂದು ಮಾತ್ರ ವಿನಯದಿಂದ ಕೇಳಿ.

ಪ್ರಶ್ನೆ: ಕಚ್ಚೆ, ಕಾಸೆ, ಲಂಗೋಟಿ ಇವು ಒಂದೇ ಅರ್ಥದ ಪದಗಳೇ? ಪಂಚೆಯ ಕಚ್ಚೆ ಮರ್ಯಾದೆಯ ಉಡುಗೆಯಾಗಿರುವಾಗ ‘ಕಚ್ಚೆಹರುಕ’ ಎಂಬುದು ಬೈಗುಳವಾದದ್ದು ಹೇಗೆ?
— ಮಂಜೇಶ್ವರದ ಓದುಗರೊಬ್ಬರು

ಉತ್ತರ: ಒಂದೇ ಅಲ್ಲ, ಆದರೆ ನೆಂಟತನವಿದೆ. ಕಚ್ಚೆ ಎಂಬುದು ಒಂದು ಬಟ್ಟೆಯ ಹೆಸರಲ್ಲ. ಉಟ್ಟ ಬಟ್ಟೆಯ ತುದಿಯನ್ನು ಕಾಲುಗಳ ನಡುವಿನಿಂದ ತೆಗೆದು ಹಿಂದೆ ಸಿಕ್ಕಿಸುವ ಕಟ್ಟಿನ ಹೆಸರು. ಅದರ ಮೂಲ ಸೊಂಟಪಟ್ಟಿ ಎಂಬ ಅರ್ಥದ ಸಂಸ್ಕೃತದ ಕಕ್ಷ್ಯಾ. ಕ್ಷಕಾರ ಪ್ರಾಕೃತದಲ್ಲಿ ಚಕಾರದ ಒತ್ತಾಗುವುದಕ್ಕೆ ಲಕ್ಷ್ಮಿ ಲಚ್ಚಿಯಾದದ್ದೇ ಸಾಕ್ಷಿ. ಮಲಯಾಳದಲ್ಲಿ ಇದೇ ಮಾತು ‘ಕಚ್ಚ’ ಎಂದಾಗಿ, ಕೇರಳದ ಸಮರಕಲೆಯಾದ ಕಳರಿಯಲ್ಲಿ ಸೊಂಟಕ್ಕೆ ಸುತ್ತುವ ಉದ್ದನೆಯ ಬಟ್ಟೆಗೂ, ಎದೆಗೆ ಕಟ್ಟುವ ಬಟ್ಟೆಗೂ ಬಂದಿದೆ. ಯಾವುದಾದರೂ ಕೆಲಸಕ್ಕೆ ಪಣ ತೊಟ್ಟು ಇಳಿಯುವುದಕ್ಕೆ ಮಲಯಾಳಿಗರು ‘ಕಚ್ಚ ಕೆಟ್ಟಿ’ ಎನ್ನುತ್ತಾರೆ, ನಾವು ಕಚ್ಚೆ ಕಟ್ಟಿ ನಿಂತ ಎನ್ನುತ್ತೇವೆ, ಟೊಂಕ ಕಟ್ಟಿದ ಎನ್ನುತ್ತೇವೆ. ಉತ್ತರಕ್ಕೆ ಹೋದಂತೆ ಅರ್ಥ ಒಳಗಿನ ಉಡುಪಿಗೆ ಸರಿಯಿತು: ಹಿಂದಿಯಲ್ಲಿ ಕಚ್ಛಾ ಎಂದರೆ ಒಳಚಡ್ಡಿ. 1699ರಲ್ಲಿ ಖಾಲ್ಸಾ ಸ್ಥಾಪನೆಯಾದ ಮೇಲೆ ಸಿಖ್ಖರು ಧರಿಸಬೇಕಾದ ಐದು ಲಾಂಛನಗಳಲ್ಲಿ ಒಂದು ಕಛೇರಾ, ಮೊಣಕಾಲಿನವರೆಗೆ ಬರುವ ಹೊಲಿದ ಚಡ್ಡಿ. ಅಲ್ಲಿ ಅದು ಸಂಯಮದ ಮತ್ತು ಸದಾ ಸಿದ್ಧರಾಗಿರುವುದರ ಗುರುತು.

ಸಂಯಮ ಎಂಬ ಆ ಮಾತಿನಲ್ಲಿಯೇ ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರವಿದೆ. ಕಚ್ಚೆ ಬಿಗಿಯಾಗಿರುವುದು ಇಂದ್ರಿಯನಿಗ್ರಹಕ್ಕೆ ಸಂಕೇತವಾದಾಗ, ಅದು ಹರಿದಿರುವುದು ನಿಗ್ರಹವಿಲ್ಲದಿರುವುದಕ್ಕೆ ಸಂಕೇತವಾಯಿತು. ಹರುಕುಬಾಯಿ ಎಂದರೆ ಬಾಯಿಗೆ ಕಟ್ಟುಪಾಡಿಲ್ಲದವನು ಎಂಬ ಅರ್ಥ ಬರುವ ಹಾಗೆಯೇ ಇದೂ. ಬೈಗುಳದಲ್ಲಿ ಬೈದಿರುವುದು ಹರುಕನ್ನು, ಕಚ್ಚೆಯನ್ನಲ್ಲ. ಗರಡಿಮನೆಗಳಲ್ಲಿ ಪೈಲ್ವಾನರ ಲಂಗೋಟಿಯ ಬಗೆಗೂ ಇದೇ ಭಾವನೆ ಇದೆ. ಲಂಗೋಟಿ ಬಿಗಿಯಾಗಿರಬೇಕು ಎಂದು ಗುರು ಹೇಳಿದರೆ ಅದು ಬಟ್ಟೆಯ ಮಾತಷ್ಟೇ ಅಲ್ಲ.

ಕಾಸೆಯೂ ಕಚ್ಚೆಯ ಹಾಗೆಯೇ ಬಿಗಿದು ಉಡುವ ಉಡುಗೆ. ಮರಾಠಿಯ ಕಾಸೋಟಾ ಅದರ ನೆಂಟ. ಆಡುಮಾತಿನಿಂದ ಅದು ಬಹುಮಟ್ಟಿಗೆ ಮರೆಯಾದರೂ ವೀರಗಾಸೆಯ ಕುಣಿತದ ಹೆಸರಿನಲ್ಲಿ ಉಳಿದಿದೆ: ವೀರ ಮತ್ತು ಕಾಸೆ ಸೇರಿದಾಗ ಕಕಾರ ಗಕಾರವಾಗಿದೆ. ಲಂಗೋಟಿ ಹಿಂದಿಯಿಂದ ಬಂದ ಮಾತು. ಅದರೊಂದಿಗೆ ‘ಲಂಗೋಟಿಯಾ ಯಾರ್’ ಎಂಬ ನುಡಿಗಟ್ಟೂ ಬಂತು. ಲಂಗೋಟಿ ಕಟ್ಟುವ ವಯಸ್ಸಿನಿಂದ ಜೊತೆಗಿದ್ದ ಗೆಳೆಯ ಎಂದು ಅದರ ಅರ್ಥ. ಮಕ್ಕಳ ಮೈಮೇಲಿಂದ ಲಂಗೋಟಿ ಹೋಗಿ ಚಡ್ಡಿ ಬಂದ ಮೇಲೆ ನಮ್ಮಲ್ಲಿ ಅದೇ ನುಡಿಗಟ್ಟು ‘ಚಡ್ಡಿ ದೋಸ್ತ್’ ಆಯಿತು. ಉಡುಪು ಬದಲಾದಾಗ ನುಡಿಗಟ್ಟೂ ಹೊಸ ಉಡುಪು ತೊಟ್ಟ ಇಂಥ ಉದಾಹರಣೆಗಳು ಸಿಗುವುದು ಅಪರೂಪ.

ಪ್ರಶ್ನೆ: ಯಕ್ಷಗಾನದ ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಮನೆಯಲ್ಲಿ, ಚಲ್ಲಣ, ಇಜಾರು ಎಂಬ ಮಾತುಗಳನ್ನು ಕೇಳುತ್ತೇವೆ. ಈಗಿನ ಚಡ್ಡಿಗೂ ಚಲ್ಲಣಕ್ಕೂ ಸಂಬಂಧವಿದೆಯೇ? ಚಡ್ಡಿ, ನಿಕ್ಕರ್, ಜಟ್ಟಿ ಇವುಗಳಲ್ಲಿ ವ್ಯತ್ಯಾಸವೇನು?
— ಕುಂಬಳೆಯ ಯಕ್ಷಗಾನಾಸಕ್ತರೊಬ್ಬರು

ಉತ್ತರ: ಯಕ್ಷಗಾನದ ದಕ್ಷಿಣದ ಶೈಲಿಯಾದ ತೆಂಕುತಿಟ್ಟಿನ ತವರಾದ, ಪ್ರಸಂಗಕವಿ ಪಾರ್ತಿಸುಬ್ಬನ ಊರಾದ ಕುಂಬಳೆಯಿಂದ ಈ ಪ್ರಶ್ನೆ ಬಂದಿರುವುದು ಉಚಿತವಾಗಿದೆ, ಏಕೆಂದರೆ ಊರವರು ಮರೆತ ಎಷ್ಟೋ ಉಡುಪಿನ ಹೆಸರುಗಳನ್ನು ಕಾಪಾಡಿದ್ದು ವೇಷದ ಪೆಟ್ಟಿಗೆಯೇ. ಚಲ್ಲಣ ಹಳೆಯ ಕನ್ನಡದ ಮಾತು. ಭಟರೂ ಜಟ್ಟಿಗಳೂ ತೊಡುತ್ತಿದ್ದ, ಕಾಲಿಗೆ ಬಿಗಿಯಾದ ಹೊಲಿದ ಗಿಡ್ಡ ಉಡುಪು ಅದು. ತೆಲುಗಿನ ಚಲ್ಲಡಮು, ತಮಿಳಿನ ಚಲ್ಲಡಂ ಅದೇ ಮಾತಿನ ರೂಪಗಳು. ಸಂಸ್ಕೃತ ಕೋಶಗಳಲ್ಲಿ ಚಲನಕ ಎಂಬ ಪದಕ್ಕೆ ಹೆಂಗಸರ ಗಿಡ್ಡ ಲಂಗ ಎಂಬ ಅರ್ಥವಿದೆ. ಅಮರಕೋಶವೂ ಅರ್ಧೋರುಕ, ಅಂದರೆ ಅರ್ಧ ತೊಡೆಯವರೆಗಿನ ಉಡುಪು, ಉತ್ತಮ ಸ್ತ್ರೀಯರದು ಎಂದು ಹೇಳಿ ಚಂಡಾತಕ ಎಂಬ ಪರ್ಯಾಯವನ್ನು ಕೊಡುತ್ತದೆ. ಒಂದು ಕಾಲದಲ್ಲಿ ಹೆಂಗಸರದೆನಿಸಿದ ಅಳತೆಯ ಉಡುಪು ಇನ್ನೊಂದು ಕಾಲದಲ್ಲಿ ಗಂಡಸರದಾಗುತ್ತದೆ. ಉಡುಪಿನ ಇತಿಹಾಸದಲ್ಲಿ ಇದು ಮತ್ತೆ ಮತ್ತೆ ಕಾಣುವ ಸಂಗತಿ.

ಇಜಾರು ದೂರದಿಂದ ಬಂದದ್ದು. ಅರಬ್ಬಿಯಲ್ಲಿ ಇಜಾರ್ ಎಂದರೆ ಸೊಂಟಕ್ಕೆ ಸುತ್ತುವ, ಹೊಲಿಗೆಯಿಲ್ಲದ ಬಟ್ಟೆ. ಕಾಸರಗೋಡಿನ ತಳಂಗರೆಯಿಂದ ಹಜ್ಜಿಗೆ ಹೋಗುವ ಯಾತ್ರಿಕರು ಇಹ್ರಾಮಿನಲ್ಲಿ, ಅಂದರೆ ಯಾತ್ರೆಯ ವ್ರತದಲ್ಲಿ, ತೊಡುವ ಎರಡು ಬಿಳಿಯ ಬಟ್ಟೆಗಳಲ್ಲಿ ಕೆಳಗಿನದಕ್ಕೆ ಇಂದಿಗೂ ಅದೇ ಹೆಸರು. ಪಾರಸಿಗೆ ಬಂದಾಗ ಅದು ಹೊಲಿದ ಕಾಲುಡುಗೆಯಾಯಿತು. ಆ ಅರ್ಥದಲ್ಲಿಯೇ ಕನ್ನಡಕ್ಕೆ ಬಂದು ಇಜಾರು ಆಗಿ, ಹೊರಗೆ ಪ್ಯಾಂಟಿಗೆ ಸ್ಥಾನ ಬಿಟ್ಟುಕೊಟ್ಟು, ಚೌಕಿಯಲ್ಲಿ ಉಳಿಯಿತು. ತಮಿಳಿನಲ್ಲಿ ಅದೇ ಮಾತು ‘ನಿಜಾರ್’ ಎಂದಾಗಿ ಹುಡುಗರ ಅರ್ಧ ಚಡ್ಡಿಗೆ ನಿಂತಿದೆ. ಯಾತ್ರಿಕನ ಮೈಮೇಲಿನ ಹೊಲಿಯದ ಬಟ್ಟೆಗೂ ವೇಷಧಾರಿಯ ಹೊಲಿದ ಕಾಲುಡುಗೆಗೂ ಒಂದೇ ಹೆಸರು ಇರುವ ಊರುಗಳು ಕುಂಬಳೆ, ಕಾಸರಗೋಡುಗಳ ಹೊರತು ಹೆಚ್ಚಿರಲಾರವು.

ಚಡ್ಡಿ ಹಿಂದಿ, ಮರಾಠಿಗಳ ಕಡೆಯಿಂದ ಕನ್ನಡಕ್ಕೆ ಬಂದ ಮಾತು. ಚಲ್ಲಣದ ಮೊದಲ ಅಕ್ಷರ ಅದರಲ್ಲಿಯೂ ಇದೆ ಎಂಬ ಮಾತ್ರಕ್ಕೆ ಎರಡನ್ನೂ ಗಂಟು ಹಾಕಲಾಗದು. ಕನ್ನಡದಲ್ಲಿ ಅದು ಹೊರಗಿನ ಉಡುಪೂ ಹೌದು, ಒಳಗಿನದೂ ಹೌದು. ಶಾಲೆಯ ಹುಡುಗರೂ ಪೇದೆಗಳೂ ತೊಡುತ್ತಿದ್ದ ಖಾಕಿ ಚಡ್ಡಿ ಹೊರಗಿನದು. ಕೆಳಗಿನ ಅರ್ಧ ಕತ್ತರಿಸಿದ ಪ್ಯಾಂಟು ಎನ್ನಬಹುದಾದಷ್ಟು ಗೌರವ ಅದಕ್ಕಿತ್ತು. ಗಂಡಸರೆಲ್ಲ ಪೂರ್ಣ ಪ್ಯಾಂಟಿಗೆ ಹೋದ ಮೇಲೆ ಚಡ್ಡಿ ಪ್ಯಾಂಟಿನ ಒಳಗೆ ಸೇರಿತು. ಆಗ ಎರಡನ್ನೂ ಬೇರೆ ಮಾಡಲು ಒಳಚಡ್ಡಿ ಎಂಬ ಮಾತು ಬೇಕಾಯಿತು. ಮುಂಡಿನ ಒಳಗೆ ಹಾಕುವ ಗೆರೆಗೆರೆಯ ಸಡಿಲ ಉಡುಪು ಪಟ್ಟಾಪಟ್ಟಿ ಚಡ್ಡಿಯಾಯಿತು. ಬ್ರಿಟನ್ನಿಗೆ ಹೋದ ಭಾರತೀಯರೊಂದಿಗೆ ಹೋದ ಆ ಪದ ‘ಚಡ್ಡೀಸ್’ ಎಂಬ ರೂಪದಲ್ಲಿ 2019ರಲ್ಲಿ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟನ್ನು ಸೇರಿತು. ಅದಕ್ಕೂ ಹತ್ತು ವರ್ಷ ಮೊದಲು, 2009ರ ಜನವರಿಯಲ್ಲಿ ಮಂಗಳೂರಿನ ಪಬ್ಬಿನಲ್ಲಿ ಯುವತಿಯರ ಮೇಲೆ ನಡೆದ ಹಲ್ಲೆಯನ್ನು ಖಂಡಿಸಿದ ಮಹಿಳೆಯರು ತಮ್ಮ ಪ್ರತಿಭಟನೆಗೆ ಗುಲಾಬಿ ಚಡ್ಡಿಯ ಹೆಸರಿಟ್ಟರು. ಮನೆಯಲ್ಲಿ ಮೆಲ್ಲಗೆ ಆಡುತ್ತಿದ್ದ ಮಾತು ಪತ್ರಿಕೆಗಳ ಮುಖಪುಟಕ್ಕೆ ಬಂದು ಪ್ರತಿರೋಧದ ಅರ್ಥವನ್ನೂ ಪಡೆಯಿತು.

ಕಾಸರಗೋಡಿನ ಪೇಟೆಯ ಅಂಗಡಿಗಳಲ್ಲಿ ಕೇಳುವ ಜಟ್ಟಿ ಮಲಯಾಳ, ತಮಿಳುಗಳ ಬಳಕೆ. ಅಲ್ಲಿ ಅದು ಒಳ ಉಡುಪಿಗೆ ಮಾತ್ರ ಸೀಮಿತ. ಕುಸ್ತಿಯ ಜಟ್ಟಿ ಬೇರೆ, ಅದು ಜ್ಯೇಷ್ಠ ಎಂಬುದರಿಂದ ಬಂದದ್ದು. ಜಟ್ಟಿಗಳು ತೊಟ್ಟದ್ದರಿಂದ ಜಟ್ಟಿ ಎಂಬ ವಿವರಣೆ ಕಿವಿಗೆ ಹಿತವಾದರೂ ಧ್ವನಿಸಾಮ್ಯದ ಹೊರತು ಅದಕ್ಕೆ ಆಧಾರ ಬೇಕು.

ನಿಕ್ಕರಿನ ಹಿಂದೆ ಇರುವುದು ಒಬ್ಬ ಕಲ್ಪಿತ ವ್ಯಕ್ತಿಯ ಹೆಸರು. ಅಮೆರಿಕದ ಲೇಖಕ ವಾಷಿಂಗ್ಟನ್ ಇರ್ವಿಂಗ್ 1809ರಲ್ಲಿ ನ್ಯೂಯಾರ್ಕಿನ ವಿನೋದಮಯ ಇತಿಹಾಸವೊಂದನ್ನು ಡೀಡ್ರಿಕ್ ನಿಕರ್‌ಬಾಕರ್ ಎಂಬ ಡಚ್ ಮುದುಕನ ಹೆಸರಿನಲ್ಲಿ ಪ್ರಕಟಿಸಿದ. ಮುಂದಿನ ಆವೃತ್ತಿಯ ಚಿತ್ರಗಳಲ್ಲಿ ಡಚ್ಚರು ಮೊಣಕಾಲಿನ ಬಳಿ ಕಟ್ಟುವ ಸಡಿಲ ಕಾಲುಡುಗೆ ತೊಟ್ಟಿದ್ದರು. ಆ ಉಡುಗೆಗೆ ನಿಕರ್‌ಬಾಕರ್ಸ್ ಎಂಬ ಹೆಸರು ಬಿತ್ತು, ಅದು ಚಿಕ್ಕದಾಗಿ ನಿಕರ್ಸ್ ಆಯಿತು. ಇಂಗ್ಲೆಂಡಿನಲ್ಲಿ ಆ ಚಿಕ್ಕ ರೂಪ ಹೆಂಗಸರ ಒಳ ಉಡುಪಿಗೆ ಹೋಯಿತು. ನಮ್ಮಲ್ಲಿ ಹುಡುಗರ ಹೊರ ಉಡುಪಿನಲ್ಲಿ ನಿಂತಿತು. ಪ್ಯಾಂಟ್ಸ್ ಎಂಬ ಮಾತಿನ ಗತಿಯೂ ಇದೇ: ನಮಗೂ ಅಮೆರಿಕದವರಿಗೂ ಅದು ಹೊರಗಿನದು, ಇಂಗ್ಲೆಂಡಿನವರಿಗೆ ಒಳಗಿನದು. ಓದಲೆಂದೋ ಉದ್ಯೋಗಕ್ಕೆಂದೋ ಅಲ್ಲಿಗೆ ಹೊರಟ ನಮ್ಮ ಊರಿನ ಮಕ್ಕಳು ಅಂಗಡಿಯಲ್ಲಿ ಟ್ರೌಸರ್ಸ್ ಎಂದು ಕೇಳುವುದು ಲೇಸು.

ಪ್ರಶ್ನೆ: ಒಳ ಅಂಗಿಗೆ ‘ಗಂಜಿಫ್ರಾಕು’ ಎಂದು ಹಳಬರು ಹೇಳುತ್ತಿದ್ದರು. ಗಂಜಿ ಹಾಕಿ ಒಗೆಯುತ್ತಿದ್ದುದರಿಂದ ಆ ಹೆಸರೇ?
— ಪೆರ್ಲದ ಓದುಗರೊಬ್ಬರು

ಉತ್ತರ: ಅಲ್ಲ. ಬೆಳಗ್ಗೆಯೂ ರಾತ್ರಿಯೂ ಗಂಜಿ ಉಣ್ಣುವ, ಬಟ್ಟೆಗೂ ಗಂಜಿ ಹಾಕುವ ನಾಡಿನಲ್ಲಿ ಹಾಗೆ ತೋರುವುದು ಸಹಜ. ಆದರೆ ಬೆವರು ಹೀರಬೇಕಾದ ಮೆತ್ತನೆಯ ಒಳ ಅಂಗಿಗೆ ಗಂಜಿ ಹಾಕಿ ಯಾರೂ ಗಡುಸು ಮಾಡುವುದಿಲ್ಲ. ಇಂಗ್ಲೆಂಡ್ ಮತ್ತು ಫ್ರಾನ್ಸುಗಳ ನಡುವಿನ ಕಡಲಿನಲ್ಲಿ ಗರ್ನ್ಸಿ ಎಂಬ ದ್ವೀಪವಿದೆ. ಅಲ್ಲಿನ ಬೆಸ್ತರು ತೊಡುತ್ತಿದ್ದ, ದಪ್ಪ ಉಣ್ಣೆಯಿಂದ ಹೆಣೆದ ಮೇಲಂಗಿಗೆ ಗರ್ನ್ಸಿ ಫ್ರಾಕ್ ಎಂದು ಹೆಸರು. ಆ ಕಾಲದ ಇಂಗ್ಲಿಷಿನಲ್ಲಿ ಫ್ರಾಕು ಗಂಡಸರ ಅಂಗಿಯೂ ಆಗಿತ್ತು. ಹೆಣೆದ ಅಂಗಿ ಎಂಬ ಹೋಲಿಕೆಯಿಂದ ಆ ಹೆಸರು ಇಲ್ಲಿ ಹತ್ತಿಯ ಒಳ ಅಂಗಿಗೆ ಬಂತು. ಬಂಗಾಳಿಯಲ್ಲಿಯೂ ಹಿಂದಿಯಲ್ಲಿಯೂ ಗಂಜಿ ಮಾತ್ರ ಉಳಿಯಿತು, ಕನ್ನಡಿಗರೂ ತೆಲುಗರೂ ಫ್ರಾಕನ್ನೂ ಉಳಿಸಿಕೊಂಡರು. ಚಳಿಗೆಂದು ಎಲ್ಲದರ ಮೇಲೆ ಹಾಕುತ್ತಿದ್ದದ್ದು ಸೆಕೆಗೆಂದು ಎಲ್ಲದರ ಒಳಗೆ ಸೇರಿತು. ಬನಿಯನ್ ಎಂಬುದು ಗುಜರಾತಿನ ವಾಣಿಯಾ, ಅಂದರೆ ವರ್ತಕ, ಎಂಬ ಪದದಿಂದ ಹೊರಟು, ಇಂಗ್ಲಿಷರ ಬಾಯಲ್ಲಿ ಮೊದಲು ಸಡಿಲವಾದ ನಿಲುವಂಗಿಗೆ, ಆಮೇಲೆ ಒಳ ಅಂಗಿಗೆ ಹೆಸರಾಗಿ ನಮಗೆ ಮರಳಿ ಬಂದದ್ದು. ಈಗ ಗಂಜಿಫ್ರಾಕು ಎನ್ನುವವರು ಹಿರಿಯರು ಮಾತ್ರ. ಅಂಗಡಿಯಲ್ಲಿ ಕೇಳಿದರೆ ಕೊಡುವುದು ಬನಿಯನ್ನೇ.